ಕೈ ಜೋಮು, ಮಣಿಕಟ್ಟು ನೋವು: ರೋಡ್ ಸೈಕಲ್ ಸವಾರರಿಗೆ ದೋಷ ನಿವಾರಣೆ ಕೈಪಿಡಿ

ಮೂವತ್ತು ಕಿಲೋಮೀಟರ್ ದಾಟುತ್ತಲೇ ಕಿರುಬೆರಳು ಜುಮುಜುಮು ಅನ್ನತೊಡಗುತ್ತದೆ. ಕೈ ಕೊಡವಿದರೆ ಸರಿಹೋಗುತ್ತದೆ, ಐದು ನಿಮಿಷಕ್ಕೆ ಮತ್ತೆ ಶುರು. ಮನೆಗೆ ಬಂದ ಮೇಲೂ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ. ಹೆಚ್ಚಿನವರು ಇಲ್ಲಿಂದ ನೇರ ಅಂಗಡಿಗೆ ಹೋಗಿ ದಪ್ಪ ಜೆಲ್ ಗ್ಲೌಸ್ ತರುತ್ತಾರೆ. ಒಂದೆರಡು ವಾರ ಪರವಾಗಿಲ್ಲ ಅನ್ನಿಸಿ, ಆಮೇಲೆ ಮೊದಲಿನ ಹಾಗೇ ಆಗುತ್ತದೆ.

ನೋಯುವುದು ಕೈಯಾದರೂ ತಪ್ಪಿರುವುದು ಬಹುಪಾಲು ಸೀಟಿನಲ್ಲಿ. ಸೈಕಲ್ ತಿರುಗಿಸುವುದು, ಬ್ರೇಕ್ ಹಿಡಿಯುವುದು, ಗೇರ್ ಹಾಕುವುದು ಕೈಯ ಕೆಲಸ. ಮೈಭಾರವನ್ನು ಸೀಟು ಮತ್ತು ಪೆಡಲ್ ಹೊರಬೇಕು. ಆ ಭಾರ ಮುಂದಕ್ಕೆ ಜಾರಿ ಅಂಗೈ ಮೇಲೆ ಕೂತಾಗ ಯಾವ ಗ್ಲೌಸೂ ಹೆಚ್ಚು ದಿನ ಕಾಪಾಡುವುದಿಲ್ಲ. ಹಾಗಾಗಿ ಇಲ್ಲಿ ಖರ್ಚಿಲ್ಲದ ತಪಾಸಣೆಗಳು ಮೊದಲು, ಸ್ಟೆಮ್ (ಹ್ಯಾಂಡಲನ್ನು ಫೋರ್ಕಿನ ಕೊಳವೆಗೆ ಜೋಡಿಸುವ ತುಂಡು), ಹ್ಯಾಂಡಲ್ ಬದಲಿಸುವ ಮಾತು ಕೊನೆಗೆ.

ಸೈಕಲ್‌ಗೆ ಕೈ ಹಾಕುವ ಮೊದಲು: ಇವಿದ್ದರೆ ಡಾಕ್ಟರ ಹತ್ತಿರ ಹೋಗಿ

ಬಿದ್ದ ಮೇಲೆ ಶುರುವಾದ ಮಣಿಕಟ್ಟಿನ ನೋವು. ಬೀಳುವಾಗ ನಾವೆಲ್ಲ ಅಂಗೈ ಊರುತ್ತೇವೆ. ಹೆಬ್ಬೆರಳನ್ನು ಮೇಲಕ್ಕೆ ಸೆಟೆಸಿದರೆ ಅದರ ಬುಡದಲ್ಲಿ, ಎರಡು ನರಗಳಂತೆ ಕಾಣುವ ಸ್ನಾಯುರಜ್ಜುಗಳ ನಡುವೆ, ಒಂದು ಸಣ್ಣ ಗುಳಿ ಕಾಣುತ್ತದೆ. ಆ ಗುಳಿ ಒತ್ತಿದರೆ ನೋವಾದರೆ ಸ್ಕೇಫಾಯ್ಡ್ ಎಂಬ ಪುಟ್ಟ ಎಲುಬು ಮುರಿದಿರಬಹುದು. ಊತ ಹೆಚ್ಚಿರುವುದಿಲ್ಲ, ಕೈ ಆಡಿಸಲೂ ಬರುತ್ತದೆ, ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ಆಗ ಡಾಕ್ಟರು ಕಟ್ಟು ಹಾಕಿ 10ರಿಂದ 14 ದಿನಕ್ಕೆ ಮತ್ತೆ ಎಕ್ಸ್‌ರೇ ತೆಗೆಸುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ಈ ಎಲುಬಿಗೆ ರಕ್ತ ಬರುವುದು ಬೆರಳಿನ ಕಡೆಯ ತುದಿಯಿಂದ. ಮುರಿದದ್ದನ್ನು ಹಾಗೇ ಬಿಟ್ಟರೆ ಮುಂಗೈ ಕಡೆಯ ತುಂಡು ರಕ್ತವಿಲ್ಲದೆ ಸಾಯುವ ಅಪಾಯವಿದೆ. ಆದ್ದರಿಂದ ಉಳುಕು ಎಂದುಕೊಂಡು ಎಣ್ಣೆ ಹಚ್ಚಿಸಿ ನೀವಿಸಿಕೊಳ್ಳಬೇಡಿ, ಎಳೆಸಿ ತಿರುಚಿಸಬೇಡಿ.

ಕೈಯ ಬಲ ಕುಗ್ಗಿರುವುದು. ಜೋಮಿಗಿಂತ ಇದು ಗಂಭೀರ. ಒಂದು ಕಾಗದವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ ಒತ್ತಿ ಹಿಡಿಯಿರಿ, ಇನ್ನೊಬ್ಬರು ಎಳೆಯಲಿ. ಹೆಬ್ಬೆರಳು ನೇರವಾಗಿರಬೇಕು. ಅದರ ತುದಿ ಗೆಣ್ಣು ಮಡಚಿಕೊಂಡು ಕಾಗದವನ್ನು ಉಳಿಸಿಕೊಳ್ಳಲು ಹೆಣಗಿದರೆ, ಕಿರುಬೆರಳಿನ ಕಡೆಯ ಅಲ್ನರ್ ನರ ಸೊರಗಿದೆ ಎಂದರ್ಥ. ಬೆರಳುಗಳನ್ನು ಅಗಲಿಸಲು ಆಗದಿರುವುದು, ಬೀಗದ ಕೀ ತಿರುಗಿಸಲು ಕಷ್ಟವಾಗುವುದು, ಹೆಬ್ಬೆರಳು–ತೋರುಬೆರಳಿನ ನಡುವಿನ ಮಾಂಸ ಇಳಿದು ಹಳ್ಳ ಬೀಳುವುದು ಇದೇ ಗುಂಪಿಗೆ ಸೇರಿದ ಲಕ್ಷಣಗಳು. ಒಂದು ಮಾತು ಗಮನಿಸಿ: ಈ ನರದ ಆಳದ ಕವಲು ಸ್ನಾಯುಗಳಿಗಷ್ಟೇ ಹೋಗುತ್ತದೆ. ಅದೊಂದೇ ಅದುಮಿಕೊಂಡರೆ ಜೋಮೇ ಇಲ್ಲದೆ ಬಲ ಹೋಗುತ್ತದೆ. ಜೋಮಿಲ್ಲ, ನೋವಿಲ್ಲ ಎಂದು ನಿರಾಳವಾಗಿರಬೇಡಿ.

ಸವಾರಿ ನಿಲ್ಲಿಸಿ ಎರಡು ವಾರವಾದರೂ ಜೋಮು ಉಳಿದಿದ್ದರೆ, ಅಥವಾ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಎಲುಬು ಅಥವಾ ನರದ ಡಾಕ್ಟರನ್ನು ಕಾಣಿ.

ಸವಾರಿಯಲ್ಲಿ ತೋಳಿಗೆ ಹರಿಯುವ ನೋವಿನ ಜೊತೆ ಎದೆ ಬಿಗಿತ, ದವಡೆ ನೋವು, ತಣ್ಣನೆ ಬೆವರು ಇದ್ದರೆ ಅದನ್ನು ಹ್ಯಾಂಡಲ್ ನೋವು ಅಂದುಕೊಳ್ಳಬೇಡಿ. ತಕ್ಷಣ ಇಳಿದು 108ಕ್ಕೆ ಕರೆ ಮಾಡಿ. ಒಂದು ಕಡೆಯ ಕೈ ಹಠಾತ್ತನೆ ಸೋತು ಮಾತು ತೊದಲಿದರೂ ಹಾಗೆಯೇ.

ಯಾವ ಬೆರಳು ಎಂದು ಮೊದಲು ಗೊತ್ತುಮಾಡಿಕೊಳ್ಳಿ

"ಕೈಯೆಲ್ಲ ಜೋಮು" ಎಂದು ಬಂದವರನ್ನು ಕೂರಿಸಿ ವಿಚಾರಿಸಿದರೆ ಎಷ್ಟೋ ಸಲ ಎರಡು ಬೆರಳಷ್ಟೇ ಇರುತ್ತವೆ. ಕಣ್ಣು ಮುಚ್ಚಿ ಕೂತು, ಮನೆಯವರ ಕೈಯಲ್ಲಿ ಹತ್ತಿಯ ಎಳೆಯಿಂದ ಒಂದೊಂದೇ ಬೆರಳು ಸವರಿಸಿಕೊಳ್ಳಿ.

ಕಿರುಬೆರಳು ಮತ್ತು ಉಂಗುರ ಬೆರಳಿನ ಅದೇ ಕಡೆಯ ಅರ್ಧ ಮಂದವಾಗಿದ್ದರೆ ಅಲ್ನರ್ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಉಳಿದರ್ಧ ಮಂದವಾಗಿದ್ದರೆ ಮೀಡಿಯನ್ ನರ. ಬೆರಳೆಲ್ಲ ಸರಿಯಿದ್ದು ಹೆಬ್ಬೆರಳಿನ ಬುಡದ ಮಣಿಕಟ್ಟು ನೋಯುತ್ತಿದ್ದರೆ ಸ್ನಾಯುರಜ್ಜಿನ ತೊಂದರೆ.

ಈಗ ಕೈ ತಿರುಗಿಸಿ ಹಿಂಗೈಯನ್ನೂ ಸವರಿಸಿ. ಕಿರುಬೆರಳಿನ ಕಡೆಯ ಹಿಂಗೈ ಚರ್ಮವೂ ಮಂದವಾಗಿದ್ದರೆ ನರ ಅದುಮಿಕೊಂಡಿರುವುದು ಮಣಿಕಟ್ಟಿನಲ್ಲಲ್ಲ, ಇನ್ನೂ ಮೇಲೆ, ಬಹುಶಃ ಮೊಣಕೈಯಲ್ಲಿ. ಹಿಂಗೈಗೆ ಹೋಗುವ ಕವಲು ಮಣಿಕಟ್ಟು ಮುಟ್ಟುವ ಮೊದಲೇ ಒಡೆಯುವುದರಿಂದ ಅಂಗೈ ಒತ್ತಡ ಅದನ್ನು ತಾಗುವುದಿಲ್ಲ. ಹೀಗಿದ್ದಾಗ ಸೈಕಲ್ ತಿದ್ದುವುದಕ್ಕಿಂತ ಮೊಣಕೈ ಮಡಚಿ ಮಲಗುವುದು, ಮೇಜಿನಂಚಿಗೆ ಮೊಣಕೈ ಊರಿ ಕೂರುವುದು, ಗಂಟೆಗಟ್ಟಲೆ ಫೋನ್ ಕಿವಿಗೆ ಹಿಡಿಯುವುದು ಇವನ್ನು ಬಿಡುವುದೇ ಮೊದಲ ಮದ್ದು.

ಕೈಯ ಜೊತೆ ಪಾದಗಳೂ ಜೋಮು ಹಿಡಿಯುತ್ತಿದ್ದರೆ ರಕ್ತದ ಸಕ್ಕರೆ ಮತ್ತು ಬಿ12 ಪರೀಕ್ಷೆ ಮಾಡಿಸಿ. ಮಾಂಸ, ಮೊಟ್ಟೆ ತಿನ್ನದವರಲ್ಲಿ, ಹಾಲು ಮೊಸರೂ ಕಡಿಮೆ ಇದ್ದರಂತೂ, ಬಿ12 ಕೊರತೆ ಅಪರೂಪವಲ್ಲ.

ತಿದ್ದುವಾಗ ಪಾಲಿಸಬೇಕಾದ್ದು

ಬೇಕಾದ ಸಾಮಾನು: 4, 5, 6 ಮಿ.ಮೀ. ಅಲೆನ್ ಕೀ, ಅಳತೆ ಟೇಪು, ಗುರುತು ಹಾಕಲು ಇನ್ಸುಲೇಷನ್ ಟೇಪು, ಮೀಟರ್ ಇರುವ ಪಂಪು. ಕಾರ್ಬನ್ ಭಾಗಗಳಿದ್ದರೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಬೇಕೇ ಬೇಕು. ಕೈ ಅಂದಾಜಿನಲ್ಲಿ ಬಿಗಿದ ಕಾರ್ಬನ್ ಹ್ಯಾಂಡಲ್ ಒಳಗೇ ಬಿರುಕು ಬಿಟ್ಟು, ಘಾಟಿ ಇಳಿಯುವಾಗ ಮುರಿಯಬಹುದು.

ಶುರುಮಾಡುವ ಮೊದಲು ಎರಡು ಅಳತೆ ಬರೆದಿಡಿ: ಪೆಡಲ್ ತೋಳುಗಳು ಸುತ್ತುವ ಆಕ್ಸಲ್‌ನ ನಡುವಿನಿಂದ, ಅಂದರೆ ಬಾಟಮ್ ಬ್ರಾಕೆಟ್‌ನಿಂದ, ಸೀಟಿನ ಮೇಲ್ಮೈಗೆ, ಸೀಟಿನ ಮೂತಿಯಿಂದ ಹ್ಯಾಂಡಲ್ ನಡುವಿಗೆ. ಪಕ್ಕದಿಂದ ಒಂದು ಫೋಟೋ ತೆಗೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಕನಿಷ್ಠ ಒಂದೊಂದು ಗಂಟೆಯ ಎರಡು ಸವಾರಿ ಹೋಗಿ ನೋಡಿ. ಮೂರು ಕಡೆ ಒಟ್ಟಿಗೆ ತಿದ್ದಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಮಂಡಿ ನೋವು ಬಂತು ಎರಡೂ ತಿಳಿಯುವುದಿಲ್ಲ.

ಲಕ್ಷಣ: ಕಿರುಬೆರಳು, ಉಂಗುರ ಬೆರಳು ಜೋಮು

ರೋಡ್ ಸೈಕಲ್ ಸವಾರರಲ್ಲಿ ತುಂಬ ಸಾಮಾನ್ಯವಾದ ದೂರು ಇದು. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಎರಡು ಸಣ್ಣ ಎಲುಬುಗಳ ನಡುವಿನ ಓಣಿಯಲ್ಲಿ ಅಲ್ನರ್ ನರ ಹಾದುಹೋಗುತ್ತದೆ. 1861ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಫೆಲಿಕ್ಸ್ ಗಿಯೋಂ ಹೆಸರಿನಲ್ಲೇ ಇಂದಿಗೂ ಕರೆಯುತ್ತಾರೆ. ಅಲ್ಲಿ ನರದ ಮೇಲೆ ಹೊದಿಕೆ ತೆಳು. ಹುಡ್ ಮೇಲೆ, ಅಂದರೆ ಬ್ರೇಕ್ ಲಿವರಿನ ಬುಡದ ರಬ್ಬರ್ ಹೊದಿಕೆಯ ಮೇಲೆ, ಕೈಯಿಟ್ಟು ಮುಂದಕ್ಕೆ ಭಾರ ಬಿಟ್ಟಾಗ ಹ್ಯಾಂಡಲ್ ಸರಿಯಾಗಿ ಆ ಓಣಿಯ ಮೇಲೇ ಒತ್ತುತ್ತದೆ, ರಸ್ತೆಯ ನಡುಕ ಆ ಒತ್ತಡಕ್ಕೆ ಸುತ್ತಿಗೆ ಏಟಿನ ಹಾಗೆ ಸೇರುತ್ತದೆ.

ಹಿಡಿತ. ಖರ್ಚಿಲ್ಲದ ಮೊದಲ ತಪಾಸಣೆ. ಎರಡು ಗಂಟೆ ಹುಡ್ ಬಿಟ್ಟು ಕೈ ಕದಲಿಸದವರೇ ಜಾಸ್ತಿ. ಡ್ರಾಪ್ ಹ್ಯಾಂಡಲ್ ಕೊಟ್ಟಿರುವುದೇ ಮೇಲೆ, ಹುಡ್ ಮೇಲೆ, ಕೆಳಗೆ ಬಾಗಿದ ಭಾಗದಲ್ಲಿ (ಡ್ರಾಪ್) ಎಂದು ಮೂರು ಕಡೆ ಹಿಡಿಯಲಿ ಎಂದು. ಐದರಿಂದ ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ಮರೆತುಹೋಗುತ್ತದೆ ಅನ್ನುವವರು ಪ್ರತಿ ಕಿಲೋಮೀಟರ್ ಕಲ್ಲಿಗೆ ಒಮ್ಮೆ ಎಂದು ರೂಢಿ ಮಾಡಿಕೊಳ್ಳಲಿ, ಇಲ್ಲವೇ ಜಿಪಿಎಸ್ ಮೀಟರಿನಲ್ಲಿ ಹತ್ತು ನಿಮಿಷದ ಎಚ್ಚರಿಕೆ ಇಟ್ಟುಕೊಳ್ಳಲಿ. ಹ್ಯಾಂಡಲನ್ನು ಹಪ್ಪಳ ಹಿಡಿದಷ್ಟು ಹಗುರವಾಗಿ ಹಿಡಿಯಿರಿ. ಮೊಣಕೈ ಸೆಟೆದಿರಬಾರದು, ಸ್ವಲ್ಪ ಮಡಚಿದ ಮೊಣಕೈ ನಡುಕವನ್ನು ತಾನು ನುಂಗುತ್ತದೆ, ಸೆಟೆದ ಕೈ ಅದನ್ನು ನೇರ ಹೆಗಲಿಗೆ ಒಯ್ಯುತ್ತದೆ. ಆಯಾಸವಾಯಿತೆಂದು ಮುಂಗೈಗಳನ್ನು ಹ್ಯಾಂಡಲ್ ಮೇಲೆ ಊರಿ ಓಡಿಸುವುದು ಮಾತ್ರ ಬೇಡ. ಬ್ರೇಕ್ ಕೈಗೆ ಸಿಗುವುದಿಲ್ಲ, ಸಣ್ಣ ಗುಂಡಿಗೂ ಸೈಕಲ್ ಕೈತಪ್ಪುತ್ತದೆ. ಈ ಭಂಗಿಯನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2021ರ ಏಪ್ರಿಲ್‌ನಿಂದ ರೋಡ್ ರೇಸ್‌ಗಳಲ್ಲಿ ನಿಷೇಧಿಸಿದೆ.

ಟೈರಿನ ಗಾಳಿ. ಇದಕ್ಕೂ ಖರ್ಚಿಲ್ಲ, ಫಲ ಮಾತ್ರ ದೊಡ್ಡದು. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡವನ್ನೇ ಶಿಫಾರಸು ಎಂದುಕೊಂಡು 110, 120 ಪಿಎಸ್‌ಐ ತುಂಬುವವರು ಈಗಲೂ ಇದ್ದಾರೆ. ನಮ್ಮ ರಸ್ತೆಗಳಲ್ಲಿ, ಹಂಪ್ ಮೇಲೆ ಹಂಪ್ ಇರುವ ಊರೊಳಗಂತೂ, ಅಷ್ಟು ಗಟ್ಟಿ ಟೈರು ಪ್ರತಿ ಜಲ್ಲಿಕಲ್ಲಿನ ಏಟನ್ನೂ ಅಂಗೈಗೆ ತಲುಪಿಸುತ್ತದೆ. ಸುಮಾರು 70 ಕಿಲೋ ತೂಗುವವರು ಟ್ಯೂಬ್ ಇರುವ ಟೈರಿಗೆ ಹೀಗೆ ಶುರುಮಾಡಬಹುದು: 25 ಮಿ.ಮೀ. ಆದರೆ ಮುಂದೆ 75, ಹಿಂದೆ 80, 28 ಮಿ.ಮೀ. ಆದರೆ ಮುಂದೆ 62, ಹಿಂದೆ 67, 32 ಮಿ.ಮೀ. ಆದರೆ ಮುಂದೆ 50, ಹಿಂದೆ 55 ಪಿಎಸ್‌ಐ. ತೂಕ ಹೆಚ್ಚಿದ್ದರೆ ಸ್ವಲ್ಪ ಏರಿಸಿ. ಮೂರು ಮೂರು ಪಿಎಸ್‌ಐ ಇಳಿಸುತ್ತಾ ಹೋಗಿ, ಗುಂಡಿಗೆ ಬಿದ್ದಾಗ ರಿಮ್ ಬಡಿದ ಸದ್ದು ಬಂದರೆ ಅಥವಾ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬಿದ್ದರೆ ಒಂದು ಹೆಜ್ಜೆ ಮೇಲಕ್ಕೆ ಬನ್ನಿ. ರಿಮ್ ಹುಕ್‌ಲೆಸ್ ಜಾತಿಯದ್ದಾದರೆ (ಟೈರಿನಂಚು ಹಿಡಿಯುವ ಕೊಕ್ಕೆ ಇಲ್ಲದ್ದು) 72.5 ಪಿಎಸ್‌ಐ, ಅಂದರೆ 5 ಬಾರ್, ದಾಟಲೇಬಾರದು. ದಾಟಿದರೆ ಟೈರು ರಿಮ್‌ನಿಂದ ಎಗರಬಹುದು.

ಫ್ರೇಮಿನಲ್ಲಿ ಜಾಗವಿದ್ದರೆ 25ರಿಂದ 28ಕ್ಕೆ, 28ರಿಂದ 32ಕ್ಕೆ ಹೋಗುವುದು ಕೈಗಾಗಿ ಮಾಡಬಹುದಾದ ಒಳ್ಳೆಯ ಖರ್ಚು. ಟೈರಿಗೂ ಫ್ರೇಮಿಗೂ ನಡುವೆ ಸುತ್ತ ಕನಿಷ್ಠ 4 ಮಿ.ಮೀ. ಬಿಡುವಿರಲಿ.

ಸೀಟಿನ ಮೂತಿ. ಕೆಳಮುಖವಾಗಿದ್ದರೆ ಇಡೀ ದಿನ ಜಾರುಬಂಡೆಯ ಮೇಲೆ ಕೂತಂತೆ, ಜಾರದ ಹಾಗೆ ಕೈಯಿಂದ ತಳ್ಳಿಕೊಳ್ಳುತ್ತಲೇ ಇರಬೇಕು. ತೊಡೆಸಂದಿನ ಒತ್ತಡ ತಪ್ಪಿಸಲು ಮೂತಿ ಇಳಿಸಿದವರೇ ಆಮೇಲೆ ಕೈನೋವಿನ ದೂರು ಹೇಳುವುದು. ಸೈಕಲನ್ನು ಸಮನೆಲದ ಮೇಲೆ ನಿಲ್ಲಿಸಿ, ಸೀಟಿನುದ್ದಕ್ಕೂ ಒಂದು ಗಟ್ಟಿ ಪುಸ್ತಕ ಇಟ್ಟು, ಅದರ ಮೇಲೆ ಗಾರೆ ಕೆಲಸದವರ ರಸಮಟ್ಟ ಅಥವಾ ಮೊಬೈಲಿನ ಮಟ್ಟ ನೋಡುವ ಆ್ಯಪ್ ಇಡಿ. ಸೊನ್ನೆ ಡಿಗ್ರಿಯಿಂದ ಶುರುಮಾಡಿ. ಕೆಳಮುಖ 2 ಡಿಗ್ರಿವರೆಗೆ ಸರಿ, ಅದಕ್ಕಿಂತ ಇಳಿಸದೆ ಸಂದು ನೋಯುತ್ತದೆ ಅಂದರೆ ಸೀಟಿನ ಆಕಾರವೇ ನಿಮಗೆ ಹೊಂದಿಲ್ಲ. ಎರಡು ಬೋಲ್ಟಿನ ಸೀಟ್‌ಪೋಸ್ಟ್‌ನಲ್ಲಿ ಒಂದನ್ನು ಕಾಲು ಸುತ್ತು ಸಡಿಲಿಸಿ ಇನ್ನೊಂದನ್ನು ಅಷ್ಟೇ ಬಿಗಿಯಿರಿ.

ಸೀಟು ಮುಂದಿದೆಯೇ? ಅನೇಕರು ತಪ್ಪು ತಿಳಿಯುವುದು ಇಲ್ಲೇ. "ಹ್ಯಾಂಡಲ್ ದೂರ, ಅದಕ್ಕೇ ಕೈ ನೋವು" ಎಂದು ಸೀಟನ್ನು ಮುಂದಕ್ಕೆ ಎಳೆಯುತ್ತಾರೆ, ನೋವು ಇನ್ನೂ ಹೆಚ್ಚುತ್ತದೆ. ಸೊಂಟ ಪೆಡಲಿನ ಮೇಲಕ್ಕೆ ಬಂದಷ್ಟೂ ಮುಂಡದ ಭಾರ ಮುಂದಕ್ಕೆ ಸುರಿಯುತ್ತದೆ. ಹಿಂದಕ್ಕೆ ಹೋದಾಗ ಸೊಂಟವೇ ತೂಕದ ಬಟ್ಟಾಗಿ ಮುಂಡವನ್ನು ಎತ್ತಿ ಹಿಡಿಯುತ್ತದೆ. ಗೋಡೆಗೆ ಬೆನ್ನು ಒತ್ತಿ ನಿಂತು ಸೊಂಟವನ್ನು ಹಿಂದಕ್ಕೆ ಬಿಡದೆ ಬಗ್ಗಿ ನೋಡಿ, ಮುಂದೆ ಮುಗ್ಗರಿಸುತ್ತೀರಿ.

ಪರೀಕ್ಷೆ ಹೀಗೆ: ಸೈಕಲನ್ನು ಟ್ರೈನರ್‌ಗೆ (ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಹಾಕಿ, ಹುಡ್ ಹಿಡಿದು, ಮಾತಾಡಲು ಬರುವಷ್ಟು ಆದರೆ ಉಸಿರು ಏರುವಷ್ಟು ಜೋರಿನಲ್ಲಿ ತುಳಿಯುತ್ತಾ ಎರಡೂ ಅಂಗೈಗಳನ್ನು ಹುಡ್‌ನಿಂದ ಎರಡು ಬೆರಳು ಮೇಲೆತ್ತಿ. ಕ್ಷಣಕಾಲವಾದರೂ ಮುಂಡ ನಿಲ್ಲಬೇಕು. ತಕ್ಷಣ ಮುಂದೆ ಬಿದ್ದರೆ ಸೀಟು ಮುಂದಿದೆ. ಟ್ರೈನರ್ ಇಲ್ಲದವರು ಇದನ್ನು ರಸ್ತೆಯಲ್ಲಿ ಮಾಡಬೇಡಿ. ಇಬ್ಬರು ಹ್ಯಾಂಡಲ್ ಮತ್ತು ಸೀಟನ್ನು ಬಿಗಿಯಾಗಿ ಹಿಡಿದು, ಬ್ರೇಕ್ ಅದುಮಿಟ್ಟು, ನೀವು ಪೆಡಲ್ ಮೇಲೆ ಭಾರ ಹಾಕಿ ನೋಡಿದರೂ ಅಂದಾಜು ಸಿಗುತ್ತದೆ. ಸೀಟನ್ನು 5 ಮಿ.ಮೀ. ಮಾತ್ರ ಹಿಂದಕ್ಕೆ ಸರಿಸಿ. ಪೆಡಲ್ ದೂರವಾಗುವುದರಿಂದ ಎತ್ತರವನ್ನು ಸುಮಾರು 2 ಮಿ.ಮೀ. ಇಳಿಸಿ. ಸೀಟಿನ ಕಂಬಿಯ ಮೇಲೆ ಕೊರೆದಿರುವ ಮಿತಿ ಗೆರೆ ದಾಟಬೇಡಿ.

ಇದರಲ್ಲೇ ಇನ್ನೊಂದು ಒಗಟು ಬಿಡಿಸಿಕೊಳ್ಳುತ್ತದೆ. ಜೋರಾಗಿ ತುಳಿದ ದಿನ ಕೈ ಚೆನ್ನಾಗಿರುತ್ತದೆ, ಗೆಳೆಯರ ಜೊತೆ ನಿಧಾನವಾಗಿ ಹರಟುತ್ತಾ ಹೋದ ದಿನ ಜೋಮು ಹಿಡಿಯುತ್ತದೆ. ಪೆಡಲ್ ತುಳಿದಷ್ಟೂ ಅದು ನಿಮ್ಮನ್ನು ಮೇಲಕ್ಕೆ ತಳ್ಳುತ್ತದೆ. ತುಳಿತ ಸಡಿಲವಾದರೆ ಆ ಭಾರ ಕೈಗೆ ಇಳಿಯುತ್ತದೆ. ಹಾಗಾಗಿ ನಿಧಾನದ ಸವಾರಿ ಹೆಚ್ಚು ಮಾಡುವವರಿಗೆ ರೇಸಿನವರಿಗಿಂತ ಎತ್ತರದ ಹ್ಯಾಂಡಲ್ ಬೇಕು.

ಸೀಟಿನ ಎತ್ತರ. ಅತಿ ಎತ್ತರವಿದ್ದರೆ ಸೊಂಟ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ಸವಾರ ಮೂತಿಯ ಕಡೆಗೆ ಜಾರುತ್ತಾನೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪೆಡಲ್ ಕೆಳತುದಿಗೆ ಬಂದಾಗ ಮಂಡಿ ಪೂರ್ತಿ ನೇರವಾಗಬೇಕು, ಸೊಂಟ ವಾಲಬಾರದು. ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿಯಲ್ಲಿ ಬೇಕಾದಷ್ಟು ಬಾಗು ತಾನಾಗಿ ಉಳಿಯುತ್ತದೆ.

ಹ್ಯಾಂಡಲಿನ ಎತ್ತರ ಮತ್ತು ದೂರ. ಸೀಟು ಸರಿಯಾದ ಮೇಲಷ್ಟೇ ಇದರತ್ತ ಬನ್ನಿ. ಹೊಸಬರಿಗೆ, ಬೆನ್ನು ಅಷ್ಟಾಗಿ ಬಾಗದವರಿಗೆ, ಹ್ಯಾಂಡಲ್ ಸೀಟಿನ ಮಟ್ಟದಲ್ಲೋ ಅದಕ್ಕಿಂತ ಎರಡು ಮೂರು ಸೆಂ.ಮೀ. ಕೆಳಗೋ ಇದ್ದರೆ ಸಾಕು. ಸ್ಟೆಮ್ ಮೇಲೆ ಸ್ಪೇಸರ್ ಉಂಗುರಗಳಿದ್ದರೆ ಅವನ್ನು ಕೆಳಗೆ ಹಾಕಿ ಸ್ಟೆಮ್ ಏರಿಸಬಹುದು. 10 ಮಿ.ಮೀ. ಏರಿಸಿದರೆ ಹ್ಯಾಂಡಲ್ ಸುಮಾರು 3 ಮಿ.ಮೀ. ಹತ್ತಿರವೂ ಬರುತ್ತದೆ, ಕತ್ತಿನ ಕೊಳವೆ ಹಿಂದಕ್ಕೆ ವಾಲಿರುವುದರಿಂದ. 100 ಮಿ.ಮೀ. ಉದ್ದದ, 6 ಡಿಗ್ರಿಯ ಸ್ಟೆಮ್ ಕೆಳಮುಖವಾಗಿದ್ದರೆ ಅದನ್ನೇ ತಿರುಗಿಸಿ ಹಾಕಿದಾಗ ಹ್ಯಾಂಡಲ್ ಸುಮಾರು 20 ಮಿ.ಮೀ. ಏರುತ್ತದೆ, ಬಿಡಿಗಾಸು ಖರ್ಚಿಲ್ಲ.

ಮಾಡುವ ಕ್ರಮ: ಮುಂದಿನ ಚಕ್ರ ನೆಲದ ಮೇಲಿರಲಿ. ಮೇಲಿನ ಮುಚ್ಚಳದ ಬೋಲ್ಟ್ ಬಿಚ್ಚಿ, ಆಮೇಲೆ ಸ್ಟೆಮ್ ಪಕ್ಕದ ಎರಡು ಬೋಲ್ಟ್ ಸಡಿಲಿಸಿ ಸ್ಟೆಮ್ ಎತ್ತಿ. ಫೋರ್ಕ್ ಕೆಳಗೆ ಜಾರದ ಹಾಗೆ ಒಂದು ಕೈ ಅದರ ಮೇಲಿರಲಿ. ಸ್ಪೇಸರ್ ಬದಲಿಸಿ ಕೂರಿಸಿದ ಮೇಲೆ ಫೋರ್ಕಿನ ಕೊಳವೆಯ ತುದಿ ಮೇಲಿನ ಸ್ಪೇಸರ್‌ಗಿಂತ 2ರಿಂದ 3 ಮಿ.ಮೀ. ಒಳಗಿರಬೇಕು. ಮುಚ್ಚಳದ ಬೋಲ್ಟನ್ನು ಅಲುಗಾಟ ನಿಲ್ಲುವಷ್ಟೇ ಬಿಗಿದು, ಹ್ಯಾಂಡಲ್ ಚಕ್ರಕ್ಕೆ ನೇರ ಮಾಡಿ, ಕೊನೆಗೆ ಪಕ್ಕದ ಬೋಲ್ಟ್‌ಗಳನ್ನು ಸ್ಟೆಮ್ ಮೇಲೆ ಬರೆದಿರುವ ಟಾರ್ಕ್‌ಗೆ, ಹೆಚ್ಚಾಗಿ 5 ನ್ಯೂಟನ್ ಮೀಟರ್, ಬಿಗಿಯಿರಿ. ಮುಂದಿನ ಬ್ರೇಕ್ ಅದುಮಿ ಸೈಕಲನ್ನು ಹಿಂದೆ ಮುಂದೆ ಜಗ್ಗಿ. ಕಟಕ್ ಎಂದರೆ ಇನ್ನೂ ಸಡಿಲವಿದೆ. ಚಕ್ರವನ್ನು ಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ. ಜಾರಿದರೆ ಬಿಗಿತ ಸಾಲದು. ಕೇಬಲ್ ಹ್ಯಾಂಡಲಿನೊಳಗೇ ಹಾಯ್ದಿರುವ ಹೊಸ ಸೈಕಲ್ಲುಗಳಲ್ಲಿ ಈ ಕೆಲಸ ಮನೆಯದಲ್ಲ, ಅಂಗಡಿಗೆ ಕೊಡಿ.

ಲಕ್ಷಣ: ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು, ರಾತ್ರಿ ಎಚ್ಚರ

ರಾತ್ರಿ ಜೋಮಿಗೆ ಎಚ್ಚರವಾಗಿ ಕೈ ಕೊಡವಿದರೆ ಹಾಯೆನಿಸುವುದು ಕಾರ್ಪಲ್ ಟನಲ್‌ನ, ಅಂದರೆ ಮಣಿಕಟ್ಟಿನ ಸುರಂಗದಲ್ಲಿ ಮೀಡಿಯನ್ ನರ ಅದುಮಿಕೊಳ್ಳುವ ತೊಂದರೆಯ, ನೇರ ಗುರುತು. ಇಲ್ಲಿ ಒತ್ತಡಕ್ಕಿಂತ ಮಣಿಕಟ್ಟು ಮಡಚಿರುವುದು ದೊಡ್ಡ ಕಾರಣ. ಮಣಿಕಟ್ಟು ಹಿಂದಕ್ಕೆ ಮಡಚಿದಷ್ಟೂ ಒಳಗಿನ ಸುರಂಗದಲ್ಲಿ ಒತ್ತಡ ಏರುತ್ತದೆ.

ಟ್ರೈನರ್ ಮೇಲೆ ಹುಡ್ ಹಿಡಿದು ಕೂತು ಪಕ್ಕದಿಂದ ಫೋಟೋ ತೆಗೆಸಿ. ಮುಂಗೈ ಮತ್ತು ಹಿಂಗೈ ಒಂದೇ ಗೆರೆಯಲ್ಲಿರಬೇಕು. ಹಿಂಗೈ ಮೇಲಕ್ಕೆ ಮುರಿದಂತೆ ಕಂಡರೆ ಹುಡ್ ಕೆಳಗೆ ಬಾಗಿವೆ, ಅಥವಾ ಇಡೀ ಹ್ಯಾಂಡಲ್ ಮುಂದಕ್ಕೆ ಉರುಳಿದೆ. ಸ್ಟೆಮ್ ಮುಂಬದಿಯ ನಾಲ್ಕು ಬೋಲ್ಟ್ ಸಡಿಲಿಸಿ ಹ್ಯಾಂಡಲನ್ನು ಎರಡು ಮೂರು ಡಿಗ್ರಿ ಮೇಲಕ್ಕೆ ಉರುಳಿಸಿ. ಹ್ಯಾಂಡಲಿನ ಮೇಲ್ಭಾಗದಿಂದ ಹುಡ್‌ವರೆಗೆ ಮಟ್ಟಸವಾದ ಒಂದೇ ಜಗಲಿಯಂತಿರಬೇಕು. ಬೋಲ್ಟ್‌ಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ, ಮೇಲಿನ ಕೆಳಗಿನ ಸಂದು ಸಮವಿರಲಿ. ತುಂಬ ಉರುಳಿಸಿದರೆ ಡ್ರಾಪ್‌ನಿಂದ ಬ್ರೇಕ್ ಎಟುಕುವುದಿಲ್ಲ, ಅದನ್ನು ಹಿಡಿದು ನೋಡಿಯೇ ಮುಂದುವರಿಯಿರಿ. ಹುಡ್ ಮಾತ್ರ ಸರಿಸಬೇಕಾದರೆ ರಬ್ಬರನ್ನು ಮಡಚಿ ಒಳಗಿನ ಬೋಲ್ಟನ್ನು ಎರಡು ಸುತ್ತು ಸಡಿಲಿಸಿದರೆ ಸಾಕು, ಬಿಚ್ಚಬೇಡಿ. ಬಾರ್ ಟೇಪು ಮತ್ತೆ ಸುತ್ತಬೇಕಾಗಬಹುದು.

ರಾತ್ರಿ ಮಣಿಕಟ್ಟು ನೇರ ಹಿಡಿಯುವ ಸ್ಪ್ಲಿಂಟ್ ಕಟ್ಟಿ ಮಲಗುವುದು ಹಲವರಿಗೆ ಗುಣ ಕೊಡುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇರುವವರಿಗೆ, ಬಸುರಿಯರಿಗೆ ಈ ತೊಂದರೆ ಹೆಚ್ಚು. ಸೈಕಲ್ ಬಿಟ್ಟ ದಿನವೂ ಎಚ್ಚರವಾಗುತ್ತಿದ್ದರೆ ಕಾರಣ ಸೈಕಲಿನಾಚೆಗಿದೆ, ಡಾಕ್ಟರು ನರದ ವೇಗದ ಪರೀಕ್ಷೆ ಮಾಡಿಸಿ ಹೇಳಬಲ್ಲರು.

ಲಕ್ಷಣ: ಹೆಬ್ಬೆರಳಿನ ಬುಡದಲ್ಲಿ ಚುಚ್ಚುವ ನೋವು

ಜೋಮಿಲ್ಲ, ಆದರೆ ಗೇರ್ ಲಿವರ್ ತಳ್ಳುವಾಗ, ನೀರು ತುಂಬಿದ ಬಿಂದಿಗೆ ಎತ್ತುವಾಗ, ಬಟ್ಟೆ ಹಿಂಡುವಾಗ ಹೆಬ್ಬೆರಳ ಕಡೆಯ ಮಣಿಕಟ್ಟು ಚುಚ್ಚುತ್ತದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳ ಕಡೆ ಬಾಗಿಸಿದಾಗ ಆ ಜಾಗವೇ ನೊಂದರೆ ಡಿ ಕ್ವೆರ್ವೇನ್ ಎಂಬ ರಜ್ಜುಕವಚದ ಉರಿಯೂತ ಇರಬಹುದು. ಲಿವರ್ ದೂರವಿದ್ದು ಪ್ರತಿ ಸಲ ಕೈ ಚಾಚಬೇಕಾದಾಗ, ಹುಡ್‌ಗಳನ್ನು ಅತಿಯಾಗಿ ಒಳಕ್ಕೋ ಹೊರಕ್ಕೋ ತಿರುಗಿಸಿದಾಗ, ಕೇಬಲ್ ತುಕ್ಕು ಹಿಡಿದು ಗೇರ್ ಗಟ್ಟಿಯಾದಾಗ ಇದು ಬರುತ್ತದೆ.

ಹೆಚ್ಚಿನ ಲಿವರ್‌ಗಳಲ್ಲಿ ದೂರ ಹೊಂದಿಸುವ ಸಣ್ಣ ಸ್ಕ್ರೂ ಇದೆ, ರಬ್ಬರಿನ ಒಳಗೋ ಲಿವರ್ ಮೇಲೋ. ಅರ್ಧ ಸುತ್ತಿನಂತೆ ತಿರುಗಿಸಿ, ತೋರುಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಸಲೀಸಾಗಿ ಕೂರುವಂತೆ ಮಾಡಿ. ಚಿಕ್ಕ ಕೈಯವರು, ಹೆಂಗಸರು ವರ್ಷಗಟ್ಟಲೆ ದೂರದ ಲಿವರಿನಲ್ಲೇ ಕಷ್ಟಪಡುವುದನ್ನು ಕಂಡರೆ ಸಂಕಟವಾಗುತ್ತದೆ. ಎರಡು ನಿಮಿಷದ ಕೆಲಸ ಇದು, ಕೊಳ್ಳುವಾಗಲೇ ಅಂಗಡಿಯವರಿಂದ ಮಾಡಿಸಿಕೊಳ್ಳಬೇಕು. ಲಿವರ್ ಹತ್ತಿರ ತಂದ ಮೇಲೆ ಪೂರ್ತಿ ಅದುಮಿ ನೋಡಿ: ಹ್ಯಾಂಡಲ್ ಮುಟ್ಟುವ ಮೊದಲು ಬ್ರೇಕ್ ಕಚ್ಚಿಕೊಳ್ಳಲೇಬೇಕು.

ಲಕ್ಷಣ: ಇಳಿಜಾರಿನಲ್ಲಿ ಬೆರಳು ಸೋಲುವುದು

ನಂದಿಬೆಟ್ಟ ಇಳಿದಾಗ, ಹದಿನಾಲ್ಕು ತಿರುವಿನ ಆಗುಂಬೆ ಘಾಟಿ ಇಳಿದಾಗ ಮುಂಗೈ ಕಟ್ಟಿಕೊಂಡು ಬೆರಳು ತೆರೆಯಲೇ ಆಗದಿದ್ದರೆ ಅದು ನರದ್ದಲ್ಲ, ಸ್ನಾಯುವಿನ ಸೋಲು. ಆದರೆ ಅಪಾಯ ಎಲ್ಲಕ್ಕಿಂತ ಹತ್ತಿರದ್ದು, ಬ್ರೇಕ್ ಹಿಡಿಯಲು ಬಲ ಉಳಿಯುವುದಿಲ್ಲ. ತಕ್ಷಣ ರಸ್ತೆ ಬದಿಗೆ ನಿಲ್ಲಿ, ಕೈ ಕೊಡವಿ, ರಿಮ್ ಬ್ರೇಕ್ ಆದರೆ ರಿಮ್ ಆರಲು ಬಿಡಿ.

ಮೊದಲು ಡ್ರಾಪ್ ಹಿಡಿದು ಇಳಿಯುವುದನ್ನು ಕಲಿಯಿರಿ. ಅಲ್ಲಿಂದ ಬೆರಳು ಲಿವರಿನ ತುದಿಗೆ ಸಿಗುವುದರಿಂದ ಅರ್ಧ ಬಲದಲ್ಲಿ ಕೆಲಸವಾಗುತ್ತದೆ. ಉದ್ದಕ್ಕೂ ಎಳೆದುಕೊಂಡು ಹೋಗದೆ, ತಿರುವಿನ ಮೊದಲು ಗಟ್ಟಿಯಾಗಿ ಹಿಡಿದು ಆಮೇಲೆ ಬಿಡಿ. ಆಮೇಲೆ ಬ್ರೇಕನ್ನೇ ನೋಡಿ. ಕೇಬಲನ್ನು ಬ್ರೇಕಿನ ಕಡೆ ಬಿಚ್ಚಿ ಕೈಯಲ್ಲಿ ಎಳೆಯಿರಿ: ಜಾರದೆ ಕೆರೆದಂತೆ ಬಂದರೆ ಮಳೆಗಾಲದ ನೀರು ಒಳಗೆ ಹೊಕ್ಕಿದೆ, ಒಳತಂತಿ ಮತ್ತು ಹೊರಕವಚ ಎರಡನ್ನೂ ಬದಲಿಸಿ. ಪ್ಯಾಡ್ ಮೇಲ್ಮೈ ಕನ್ನಡಿಯಂತೆ ಮಿನುಗುತ್ತಿದ್ದರೆ ಉಪ್ಪುಕಾಗದದಿಂದ ತಿಕ್ಕಿ. ಗೆರೆ ಸವೆದು ಮಾಯವಾಗಿದ್ದರೆ ಹೊಸದು ಹಾಕಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಲಿವರ್ ಹ್ಯಾಂಡಲ್‌ವರೆಗೂ ಬರುತ್ತಿದ್ದರೆ ಒಳಗೆ ಗಾಳಿ ಸೇರಿರಬಹುದು, ಅದನ್ನು ಹೊರಹಾಕಿಸದೆ (ಬ್ಲೀಡ್ ಮಾಡಿಸದೆ) ಘಾಟಿ ಹತ್ತಬೇಡಿ.

ಲಕ್ಷಣ: ಅಂಗೈ ಉರಿ, ಬೊಬ್ಬೆ

ಬಾರ್ ಟೇಪು ಗಟ್ಟಿಯಾಗಿದ್ದರೆ ಬದಲಿಸಿ, 3 ಮಿ.ಮೀ. ದಪ್ಪದ್ದು ಸಾಕು. ಗ್ಲೌಸ್ ಕೊಳ್ಳುವಾಗ ಮೆತ್ತೆ ಎಲ್ಲಿದೆ ನೋಡಿ: ನರದ ಓಣಿಯ ಎರಡೂ ಪಕ್ಕ ಇದ್ದು ನಡುವೆ ಹಳ್ಳವಿರಬೇಕು. ಓಣಿಯ ನೆತ್ತಿಗೇ ದಪ್ಪ ಜೆಲ್ ಮುದ್ದೆ ಇದ್ದರೆ ಅದು ಒತ್ತಡ ಹೆಚ್ಚಿಸುತ್ತದೆ, ಹಿಡಿತವೂ ದಪ್ಪವಾಗಿ ಬೆರಳು ಬಿಗಿಯಬೇಕಾಗುತ್ತದೆ. ಬೇಸಿಗೆಯಲ್ಲಿ ಬೆವರಿಗೆ ಒದ್ದೆಯಾಗಿ ಮಡಿಕೆ ಬೀಳುವ ಗ್ಲೌಸೇ ಬೊಬ್ಬೆಗೆ ಮೂಲ. ದಿನಾ ಒಗೆದು ಒಣಗಿಸಿ.

ಲಕ್ಷಣ: ಒಂದೇ ಕೈ ನೋಯುವುದು

ಸೈಕಲ್ ಮುಂದೆ ನಿಂತು ಹುಡ್‌ಗಳ ಮೇಲೆ ಒಂದು ಅಡಿಪಟ್ಟಿ ಅಡ್ಡ ಇಟ್ಟು ನೋಡಿ. ಒಂದು ಸಣ್ಣ ಬೀಳಿನಲ್ಲೂ ಒಂದು ಹುಡ್ ಒಳಕ್ಕೆ ತಿರುಗಿ ಕೆಳಗಿಳಿಯುತ್ತದೆ, ತಿಂಗಳುಗಟ್ಟಲೆ ಯಾರೂ ಗಮನಿಸುವುದಿಲ್ಲ. ಸೀಟಿನ ಮೂತಿ ಫ್ರೇಮಿನ ನೇರಕ್ಕಿದೆಯೇ, ಹ್ಯಾಂಡಲ್ ಚಕ್ರಕ್ಕೆ ಅಡ್ಡನೇರವಿದೆಯೇ ನೋಡಿ. ಬಿದ್ದದ್ದು ನಿಜವಾದರೆ ಟೇಪು ಬಿಚ್ಚಿ ಹ್ಯಾಂಡಲ್ ಪರೀಕ್ಷಿಸಿ. ಕಾರ್ಬನ್ ಮೇಲೆ ಬಿಳಿ ಗೆರೆ, ಒತ್ತಿದರೆ ಮೆತ್ತಗಾಗುವ ಜಾಗ ಕಂಡರೆ ಅದನ್ನು ಮತ್ತೆ ಬಳಸಬೇಡಿ. ಎಲ್ಲ ನೇರವಿದ್ದೂ ಒಂದೇ ಕಡೆ ನೋವಾದರೆ ಸೊಂಟ ಒಂದು ಪಕ್ಕ ಜಾರಿ ಕೂರುತ್ತಿದ್ದೀರಿ. ಹಿಂದಿನಿಂದ ತೆಗೆದ ವಿಡಿಯೋದಲ್ಲಿ ಅದು ಕಾಣುತ್ತದೆ. ಕಾಲಿನ ಉದ್ದದ ವ್ಯತ್ಯಾಸವನ್ನು ಮನೆಯಲ್ಲಿ ಅಳೆದು ತಿದ್ದಲು ಹೋಗಬೇಡಿ, ಅದು ಬೈಕ್ ಫಿಟ್ ಬಲ್ಲ ಫಿಸಿಯೋಥೆರಪಿಸ್ಟ್ ಕೆಲಸ.

ಲಕ್ಷಣ: ಕತ್ತಿನಿಂದ ಇಳಿಯುವ ಜೋಮು

ಕತ್ತು ಹಿಂದಕ್ಕೆ ಎತ್ತಿ ಒಂದು ಪಕ್ಕ ತಿರುಗಿಸಿದಾಗ ತೋಳಿನಲ್ಲಿ ಕರೆಂಟ್ ಹೊಡೆದಂತಾದರೆ ಮೂಲ ಕತ್ತಿನಲ್ಲಿದೆ. ಹ್ಯಾಂಡಲ್ ತುಂಬ ಕೆಳಗಿದ್ದಾಗ ರಸ್ತೆ ನೋಡಲು ಕತ್ತು ಎತ್ತಿಯೇ ಇರಬೇಕಾಗುತ್ತದೆ. ಹ್ಯಾಂಡಲ್ ಏರಿಸಿ, ಹೆಲ್ಮೆಟ್ ಮುಂದೆ ಜಾರದಂತೆ ಪಟ್ಟಿ ಬಿಗಿಸಿ. ವಾರದಲ್ಲಿ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ನಡಿಗೆ ತೊಡರಿದರೆ ಅಥವಾ ಎರಡೂ ಕೈ ಒಟ್ಟಿಗೆ ಸೋತರೆ ಅದೇ ದಿನ ಹೋಗಿ.

ಬ್ರೆವೆ ಸವಾರರಿಗೆ

ಬ್ರೆವೆ ಎಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ ಗಡುವಿರುವ ಸವಾರಿಗಳಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಎರಡು ಗಂಟೆಗೆ ತೊಂದರೆ ಕೊಡದ 5 ಮಿ.ಮೀ. ಇಪ್ಪತ್ತನೇ ಗಂಟೆಗೆ ಬೆರಳು ಕೊಲ್ಲುತ್ತದೆ. ಸುಸ್ತಾದಂತೆ ಹೊಟ್ಟೆ ಬೆನ್ನಿನ ಸ್ನಾಯು ಸಡಿಲವಾಗಿ ಭಾರವೆಲ್ಲ ಕೈಗೆ ಇಳಿಯುತ್ತದೆ. ವಾರಕ್ಕೆ ಮೂರು ದಿನ, 30 ಸೆಕೆಂಡಿನ ಮೂರು ಪ್ಲಾಂಕ್ ಇದಕ್ಕಾಗಿಯೇ ಮಾಡಿ. ಏರೋ ಬಾರ್ (ಮುಂಗೈ ಊರಲು ಹ್ಯಾಂಡಲಿಗೆ ಜೋಡಿಸುವ ಮುಂಚಾಚಿದ ಕಂಬಿ) ಅಂಗೈಗೆ ಬಿಡುವು ಕೊಡುತ್ತದೆ, ಆದರೆ ಖಾಲಿ ನೇರ ರಸ್ತೆಯಲ್ಲಿ, ಒಬ್ಬರೇ ಇದ್ದಾಗ ಮಾತ್ರ. ಹೊಸ ಸ್ಟೆಮ್, ಹೊಸ ಸೀಟು ಯಾವುದನ್ನೂ ಬ್ರೆವೆಯ ಹಿಂದಿನ ವಾರ ಹಾಕಬೇಡಿ.

ದಾರಿಯಲ್ಲಿ ನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿ ಮುಂದುವರಿಯಬೇಡಿ. ಬಿಸಿಲಲ್ಲಿ ನೀರಿನಂಶ ಇಳಿದಿರುವಾಗ ಅವು ಕಿಡ್ನಿಗೆ ಪೆಟ್ಟು ಕೊಡಬಲ್ಲವು, ಜೋಮಿಗೆ ಅವುಗಳಿಂದ ಉಪಯೋಗವೂ ಇಲ್ಲ.

ಮುಗಿಸಿದ ಮೇಲೆ ಕಿರುಬೆರಳ ಜೋಮು ಕೆಲವು ದಿನ, ಕೆಲವರಿಗೆ ಕೆಲವು ವಾರ ಉಳಿಯುತ್ತದೆ; ಎರಡು ವಾರ ದಾಟಿದರೆ ಮೊದಲೇ ಹೇಳಿದಂತೆ ಡಾಕ್ಟರನ್ನು ಕಾಣಿ. ಆ ಹೊತ್ತಿನಲ್ಲಿ ದಿನಾ ಬೆಳಿಗ್ಗೆ ಕಾಗದದ ಪರೀಕ್ಷೆ ಮಾಡಿ. ಅನ್ನ ಕಲಸಿ ತುತ್ತು ಮಾಡುವಾಗ ಬೆರಳು ಮೊದಲಿನಂತೆ ಕೂಡುತ್ತಿದೆಯೇ ಗಮನಿಸಿ. ಜೋಮು ಪೂರ್ತಿ ಹೋಗುವವರೆಗೆ ಹ್ಯಾಂಡಲ್ ಹಿಡಿಯಬೇಡಿ. ಮತ್ತೆ ಶುರುಮಾಡಿದಾಗ ಅರ್ಧ ಗಂಟೆಯ ಸವಾರಿಯಿಂದ ಆರಂಭಿಸಿ, ಬೆರಳು ಸುಮ್ಮನಿದ್ದರೆ ಮಾತ್ರ ಮುಂದಿನ ಸಲ ಹತ್ತು ನಿಮಿಷ ಸೇರಿಸಿ.